ಲಾ ಪಾಜ್‌ನ ಎತ್ತರ, ಕಾನಸೂರಿನ ಅಪ್ಪೆಹುಳಿ

ಕುಮಟೆಯ ಬದಿಯ ಒಂದು ಹಿಟ್ಟಿನ ಗಿರಣಿಯ ಮೋಟಾರು ದಕ್ಷಿಣ ಅಮೆರಿಕದ ಫುಟ್‌ಬಾಲ್ ಮೈದಾನದಲ್ಲಿ ಕಳೆದುಹೋಗಬಹುದೇ?

ನಗಬೇಡಿ. ಈ ಪ್ರಶ್ನೆಯಿಂದಾಗಿ ನಾನು ವಾರವಿಡೀ ಕುಳಿತಲ್ಲಿ ಕುಳಿತಿಲ್ಲ. ಇಸಳೂರಿನ ನಮ್ಮ ಮನೆಯ ಜಗುಲಿಗೆ ನಾಲಿಗೆಯಿದ್ದಿದ್ದರೆ ‘ತುಳಿದದ್ದು ಸಾಕು ಮಾರಾಯ’ ಎನ್ನುತ್ತಿತ್ತು.

ನನ್ನ ತಮ್ಮನ ಮಗಳು ಭಾರತಿಯನ್ನು ಘಟ್ಟದ ಕೆಳಗೆ ಕೊಟ್ಟಿದೆ. ಅಲ್ಲಿ ಅವಳದೊಂದು ಹಿಟ್ಟಿನ ಗಿರಣಿಯಿದೆ. ಕಳೆದ ತಿಂಗಳು ಅದರ ಮೋಟಾರು ಸುಟ್ಟುಹೋಯಿತು. ಹೊಸತಕ್ಕೆಂದು ಅವಳು ದುಡ್ಡು ಹೊಂದಿಸಿಟ್ಟಿದ್ದಳು. ಗಿರಣಿ ನಿಂತಿದೆ; ಬರುವ ಗಿರಾಕಿಗಳು ಪಕ್ಕದೂರಿನ ದಾರಿ ಹಿಡಿದಿದ್ದಾರೆ. ಹೀಗಿರುವಾಗ ಅವಳ ಫೋನು ಬಂತು.

“ದೊಡ್ಡಪ್ಪ, ಮೋಟಾರಿನ ದುಡ್ಡನ್ನ ಇವ್ರು ಫುಟ್‌ಬಾಲಿನ ಬೆಟ್ಟಿಗೆ ಹಾಕ್ತ್ರಡ. ನನ್ನ ಮಾತು ಕೇಳ್ತ್ರಿಲ್ಲೆ. ನೀನಾದ್ರೂ ಒಂದು ಮಾತು ಹೇಳು.”

‘ಇವ್ರು’ ಎಂದರೆ ಅವಳ ಗಂಡ ಶ್ರೀಪಾದ. ಕೆಟ್ಟವನಲ್ಲ. ತನ್ನೂರಿನ ವಾಲಿಬಾಲ್ ತಂಡದ ಕ್ಯಾಪ್ಟನ್. ಮೊಬೈಲಿನಲ್ಲಿ ಬೆಟ್ ಕಟ್ಟುವ ಚಟವೊಂದು ಇತ್ತೀಚೆಗೆ ಅಂಟಿದೆ. ಅದೂ ಎಂಥ ಬೆಟ್! ಬೊಲಿವಿಯಾ ದೇಶದ ಲಾ ಪಾಜ್ ನಗರ ಬಹಳ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಹೊರಗಿನಿಂದ ಬಂದ ತಂಡಕ್ಕೆ ಉಸಿರು ಸಾಲದು. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಏನೂ ಆಗದು. ಆದ್ದರಿಂದ ಆತಿಥೇಯರ ಮೇಲೆಯೇ ಕಟ್ಟಬೇಕು ಎಂಬುದು ಅವನ ಸೂತ್ರ. ಹಾಗೆ ಕಟ್ಟಿ ಚಿಲ್ಲರೆ ಮೊತ್ತವನ್ನು ಎರಡು ಬಾರಿ ಗೆದ್ದೂ ಇದ್ದ. (ಮೊದಲು ಗೆಲ್ಲಿಸದ ಜೂಜನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?)

ಎಲ್ಲರೂ ಹೇಳುವ ಮಾತು ಎಂದರೆ ನನಗೆ ಮೊದಲು ಬರುವುದು ಸಂಶಯ. ಏಳನೆಯ ತರಗತಿಯ ನಂತರ ನನಗೆ ಗುರುಗಳೆಂದರೆ ವಾಚನಾಲಯದ ಕಪಾಟುಗಳು. ಅವುಗಳನ್ನೂ ನಾನು ಪೂರ್ತಿ ನಂಬಿದವನಲ್ಲ. ಸೋಂದಾ ಕಡೆಯ ದಾರಿಯಲ್ಲಿ ಒಂದು ಬಂಡೆಯನ್ನು ತೋರಿಸಿ, ಇವು ಅರಸರ ಆನೆಯ ಹೆಜ್ಜೆಗಳು ಎಂದರು ಒಬ್ಬರು. ಎಣಿಸಿ ನೋಡಿದೆ. ಆ ಲೆಕ್ಕದಲ್ಲಿ ಅರಸರ ಆನೆಗೆ ಐದು ಕಾಲು.

ಮರುದಿನದ ಕಾನಸೂರಿನ ವಾಲಿಬಾಲ್ ಪಂದ್ಯಾಟಕ್ಕೆಂದು ಶ್ರೀಪಾದ ಶನಿವಾರವೇ ಘಟ್ಟ ಹತ್ತಿ ನಮ್ಮಲ್ಲಿಗೆ ಬಂದ. ಬೆಟ್ಟಿಂಗ್ ಕೆಟ್ಟದ್ದು ಎಂದು ಉಪದೇಶ ಮಾಡುವುದು ನನ್ನ ಜಾಯಮಾನವಲ್ಲ. ನನ್ನ ಕೈ ಹೋಗುವುದು ಬುಡಕ್ಕೆ. ಎತ್ತರದ ನಂಬಿಕೆ ಬಿದ್ದರೆ ಅದರ ಮೇಲೆ ನಿಂತ ಬೆಟ್ಟೂ ತಾನಾಗಿ ಬೀಳುತ್ತದೆಯಲ್ಲವೇ?

“ಎತ್ತರದಿಂದ ಸೋಲ್ತ್ವ ಹೇಳಿ ನಿಂಗೆ ಯಾರು ಹೇಳಿದ್ದು?” ಎಂದು ಕೇಳಿದೆ.

“ಯಾರೂ ಹೇಳದೇ ಬ್ಯಾಡ ಮಾವ. ಯನ್ನ ಕಾಲೇ ಸಾಕ್ಷಿ. ಕಾನಸೂರಲ್ಲಿ ಪ್ರತಿ ವರ್ಷ ಸೋಲ್ತ್ಯ. ಎರಡ್ನೇ ಸೆಟ್ಟಿಗೆ ಕಾಲು ನೆಲ ಬಿಡ್ತಿಲ್ಲೆ, ಕಣ್ಣು ಎಳೀತು. ಅದೇ ಟೀಮು ಕೆಳಗೆ ಬಂದ್ರೆ ಮಣ್ಣು ಮುಕ್ಕಿಸಿ ಕಳಿಸ್ತ್ಯ. ಇಷ್ಟು ಸಣ್ಣ ಘಟ್ಟಕ್ಕೇ ಹೀಂಗಾದ್ರೆ ಅಲ್ಲಿ ಹೆಂಗಿಕ್ಕು?”

ನನಗೆ ನಗು ಬಂತು. ಕಾನಸೂರಿನ ಪಂದ್ಯಾಟದ ಉದ್ಘಾಟನೆಗೆ ವರ್ಷವೂ ನನ್ನನ್ನು ಕರೆಯುತ್ತಾರೆ (ಭಾಷಣ ಗಿಡ್ಡ ಇರಬೇಕೆಂಬ ಷರತ್ತಿನೊಂದಿಗೆ). ಅಲ್ಲಿಯ ಮಧ್ಯಾಹ್ನದ ಪಂಕ್ತಿಯಲ್ಲಿ ನಾನೂ ಕುಳಿತವನೇ.

“ಆಟದ ಮೊದ್ಲು ಎಂತ ಉಂಡಿದ್ರಿ?”

“ಹೋಳ್ಗೆ. ತುಪ್ಪ. ಬ್ಯಾಡ ಅಂದ್ರೂ ಬಿಡ್ತ್ವಿಲ್ಲೆ, ಕೈ ಅಡ್ಡ ಹಿಡಿದ್ರೆ ಬೆರಳಿನ ಸಂದಿಯಲ್ಲಿ ಬಡಿಸ್ತ.”

“ಕೊನಿಗೆ?”

“ಅಪ್ಪೆಹುಳಿ.”

“ಎಷ್ಟು ಲೋಟ?”

ಶ್ರೀಪಾದ ಬೆರಳು ಮಡಿಸಿ ಎಣಿಸತೊಡಗಿದ. ಅವನ ಮುಖದಲ್ಲಿ ಏನೋ ತಿಳಿಯಾಗುತ್ತಿತ್ತು.

ಅಪ್ಪೆಮಾವಿನ ಹುಳಿಯನ್ನು ನೀರಿನಲ್ಲಿ ತಿಳಿಯಾಗಿ ಕದಡಿ, ಇಂಗು ಮೆಣಸಿನ ಒಗ್ಗರಣೆ ಕೊಟ್ಟು ಊಟದ ಕೊನೆಗೆ ಕುಡಿಯುವ ಈ ಪಾನೀಯದ ಗುಣ ನಿಮಗೆ ಗೊತ್ತೇ ಇದೆ. ಕುಡಿದವನು ಚಾಪೆಯನ್ನು ಹುಡುಕುತ್ತಾನೆ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಪಂಕ್ತಿಯಲ್ಲಿ ಬಡಿಸುತ್ತಿದ್ದವರು ಯಾರು? ಕಾನಸೂರಿನ ಆಟಗಾರರೇ. ಬಗ್ಗಿ ಏಳುತ್ತ, ಅಡುಗೆಮನೆಗೂ ಪಂಕ್ತಿಗೂ ಓಡುತ್ತ ಅವರ ಮೈ ಬಿಸಿಯಾಗಿರುತ್ತದೆ. ಅತಿಥಿ ಮೊದಲು, ಮನೆಯವರು ಕೊನೆಗೆ ಎಂಬ ನಿಯಮದಂತೆ ಅವರ ಊಟ ಆಟ ಮುಗಿದ ಮೇಲೆಯೇ. ಸಂಚು ಯಾರದ್ದೂ ಅಲ್ಲ. ಬರೀ ಮರ್ಯಾದೆ!

ಭಾನುವಾರ ಶ್ರೀಪಾದನ ತಂಡ ಬಾಳೆಹಣ್ಣು, ಕಲಸಿದ ಅವಲಕ್ಕಿ ಕಟ್ಟಿಕೊಂಡು ಹೋಯಿತು. ಕಾನಸೂರಿನಲ್ಲಿ ಅದೊಂದು ಸಣ್ಣ ಅಪಘಾತವೇ ಆಯಿತೆನ್ನಿ. ಅಲ್ಲಿಯ ಕ್ಯಾಪ್ಟನ್ ನಾಗರಾಜನ ತಾಯಿ ಸೌಟು ಹಿಡಿದೇ ಅಂಗಳಕ್ಕೆ ಬಂದರು. “ನಮ್ಮನೆ ಊಟಕ್ಕೆ ಎಂತ ಆಗಿತ್ತು? ಇಷ್ಟ್ ವರ್ಷ ಉಂಡಿದ್ದು ಇವತ್ತು ರುಚಿಸ್ಲಿಲ್ವ?” ನಾನು ಆಕಾಶ ನೋಡಿದೆ. ನಾಗರಾಜ ನನ್ನನ್ನು ನೋಡಿದ.

ಶ್ರೀಪಾದನ ತಂಡ ಗೆದ್ದಿತು. ಎರಡನೆಯ ಸೆಟ್ಟಿನಲ್ಲಿ ಅವನ ಕಾಲು ನೆಲ ಬಿಟ್ಟದ್ದನ್ನು ಕಣ್ಣಾರೆ ಕಂಡೆ. ಘಟ್ಟದ ಎತ್ತರ ಹೋದ ವರ್ಷದಷ್ಟೇ ಇತ್ತು.

ಕಪ್ಪು ಕೊಡುವಾಗ ನಾಗರಾಜ ನನ್ನ ಕಿವಿಯ ಬಳಿ ಬಂದ. “ಅಜ್ಜ, ನೀವು ಘಟ್ಟದ ಮೇಲಿನವ್ರೋ, ಕೆಳಗಿನವ್ರೋ? ಮೊದ್ಲು ಅದೊಂದು ಹೇಳ್ಬಿಡಿ.”

ಊರಿಗೆ ದ್ರೋಹ ಬಗೆದ ಅಳುಕು ಇತ್ತು. ಆದರೂ ಬೀಗಿದೆ. ಒಂದು ಹುಸಿ ನಂಬಿಕೆ ಸತ್ತಿತ್ತು, ಒಂದು ಗಿರಣಿ ಉಳಿದಿತ್ತು. ಶ್ರೀಪಾದ ಕಾಲಿಗೆ ನಮಸ್ಕರಿಸಿ, “ಮಾವ, ಇಷ್ಟು ವರ್ಷ ಕಣ್ಣಿಗೆ ಮಣ್ಣು ಬಿದ್ದಿತ್ತು” ಎಂದ. ಹಾಗೆ ಹೇಳಿ ಬೈಕು ಹತ್ತಿ ಘಟ್ಟ ಇಳಿದ. ಆ ಉತ್ಸಾಹದಲ್ಲಿ ಈ ಅಂಕಣದ ಅರ್ಧವನ್ನು ಅಂದೇ ಬರೆದಿಟ್ಟೆ. ‘ಪ್ರಶ್ನಿಸುವುದರಿಂದ ಮನೆ ಉಳಿಯುತ್ತದೆ’ ಎಂಬ ಅರ್ಥದ ಒಂದು ಗಂಭೀರ ವಾಕ್ಯವೂ ಅದರಲ್ಲಿತ್ತು. ಈಗ ಹೊಡೆದುಹಾಕಿದ್ದೇನೆ.

ಏಕೆಂದರೆ ಗುರುವಾರ ಬೆಳಿಗ್ಗೆ ಭಾರತಿಯ ಫೋನು ಬಂತು. ಅವಳ ಸ್ವರದಲ್ಲಿ ಸಿಟ್ಟೂ ಇರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

“ಮೋಟಾರಿನ ದುಡ್ಡು ಹೋತು ದೊಡ್ಡಪ್ಪ.”

“ಎಂತ! ಲಾ ಪಾಜಿನವು ಸೋತ್ವ?”

“ಇಲ್ಲೆ. ಅವೇ ಗೆದ್ದ. ಇವ್ರು ಕಟ್ಟಿದ್ದು ಕೆಳಗಿಂದ ಬಂದವ್ರ ಮೇಲೆ.”

ಅವಳು ಗಂಡನ ಹೊಸ ಸೂತ್ರವನ್ನು ಹೇಳುತ್ತಲೇ ಹೋದಳು. ಎತ್ತರ ಎಂಬುದೆಲ್ಲ ಸುಳ್ಳೆಂದು ಮಾವ ಕಾನಸೂರಿನಲ್ಲಿ ತೋರಿಸಿಕೊಟ್ಟರು. ಜಗತ್ತೆಲ್ಲ ಆ ಸುಳ್ಳನ್ನು ನಂಬಿ ಆತಿಥೇಯರ ಮೇಲೆ ಕಟ್ಟುತ್ತಿದೆ. ಹಾಗಾಗಿ ಎದುರಿನ ತಂಡದ ಮೇಲೆ ಕಟ್ಟಿದರೆ ಒಂದಕ್ಕೆ ನಾಲ್ಕು ಸಿಗುತ್ತದೆ. ಅದರ ಮೇಲೆ, ಆ ತಂಡ ತನ್ನ ಅಡುಗೆಯವನನ್ನೂ ಜೊತೆಗೆ ಕರೆತಂದಿದೆ ಎಂಬ ಸುದ್ದಿ ಬೇರೆ. ಇನ್ನೇನು ಬೇಕು? ಶ್ರೀಪಾದ ಹಿಂದೆಂದೂ ಕಟ್ಟದಷ್ಟು ಕಟ್ಟಿದ್ದ. ಪೂರ್ವಾರ್ಧ ಮುಗಿಯುವ ಮೊದಲೇ ಹೊರಗಿನ ಆಟಗಾರರು ಸೊಂಟ ಹಿಡಿದು ಏದುಸಿರು ಬಿಡುತ್ತಿದ್ದರಂತೆ. ಒಬ್ಬನಿಗೆ ಸಿಲಿಂಡರಿನಿಂದ ಆಮ್ಲಜನಕ ಕೊಡಬೇಕಾಯಿತಂತೆ.

ಫೋನು ಇಟ್ಟ ಮೇಲೆ ಅಟ್ಲಾಸ್ ತೆಗೆದೆ. ಶನಿವಾರವೂ ಅದು ಇದೇ ಕಪಾಟಿನಲ್ಲಿತ್ತು. ಶಿರಸಿಯ ಘಟ್ಟವನ್ನು ಒಂದರ ಮೇಲೊಂದು ಆರು ಬಾರಿ ಪೇರಿಸಿದರೆ ಲಾ ಪಾಜ್! ಅಂಥಲ್ಲಿ ಅಪ್ಪೆಹುಳಿಯ ಅಗತ್ಯವೇ ಇಲ್ಲ. ಕಾನಸೂರಿನ ಸತ್ಯ ಕಾನಸೂರಿನದು. ಅದನ್ನು ಬೊಲಿವಿಯಾದವರೆಗೆ ಎಳೆದವನು ನಾನು. ಆನೆಗೆ ಐದನೆಯ ಕಾಲು ಜೋಡಿಸಿದ ಮಹಾಶಯನೂ ನನ್ನಂತೆಯೇ ಸಂತೋಷದಿಂದ ಇದ್ದಿರಬೇಕು.

ಆದರೆ ನನ್ನ ತಳಮಳ ಅಟ್ಲಾಸಿನದ್ದಲ್ಲ. ಎತ್ತರದ ಮಾತು ನನಗೆ ಗೊತ್ತಿದ್ದರೂ ಆಗುತ್ತಿದ್ದುದೇನು? ಶ್ರೀಪಾದ ಈ ಬಾರಿ ಗೆಲ್ಲುತ್ತಿದ್ದ, ಮುಂದಿನ ಬಾರಿ ಗಿರಣಿಯನ್ನೇ ಪಣಕ್ಕೆ ಇಡುತ್ತಿದ್ದ. ಚಟಕ್ಕೆ ಒಂದು ಕಾರಣ ಬೇಕು, ಅಷ್ಟೇ. ಹಳೆಯ ಕಾರಣವನ್ನು ಕಿತ್ತರೆ ಹೊಸತನ್ನು ಹಿಡಿಯುತ್ತದೆ. ಈ ಬಾರಿ ಹೊಸತನ್ನು ಒದಗಿಸಿದವನು ನಾನು. ಅದೂ ಸಾಕ್ಷಿ, ಪ್ರಯೋಗ ಮತ್ತು ಒಂದು ಕಪ್ಪಿನ ಸಮೇತ.

ಫೋನು ಇಡುವ ಮೊದಲು ಭಾರತಿ ಒಂದು ಮಾತು ಕೇಳಿದ್ದಳು. ಜಗುಲಿ ತುಳಿಯುತ್ತ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

“ದೊಡ್ಡಪ್ಪ, ನೀ ಇವ್ರಿಗೆ ಬೆಟ್ ಬ್ಯಾಡ ಹೇಳಿ ಹೇಳಿದ್ಯಾ, ಬೆಟ್ ಯಾರ ಮೇಲೆ ಹೇಳಿ ಹೇಳಿದ್ಯಾ?”