ಇನ್ನೊಂದ್ಸಲ ಅಕ್ಕ ಹೇಳಿಕೊಟ್ಟ ಸ್ವಿಚ್ಚು

ನಮ್ಮ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ‘ಇನ್ನೊಂದ್ಸಲ ಅಕ್ಕ’ ಎಂದು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಆದರೂ ಅಕ್ಕ. ಯಜಮಾನರಿಗೂ ಅಕ್ಕ, ಗೇಟು ಕಾಯುವವನಿಗೂ ಅಕ್ಕ. ಹೆಸರಿಟ್ಟವನು ನಾನೇ. ಗ್ಯಾಸಿನ ಪೈಪಿಗೆ ಮೂಗು ಒಡ್ಡಿ ಒಮ್ಮೆ ನೋಡುತ್ತಾಳೆ, ಎದ್ದು ನಾಲ್ಕು ಹೆಜ್ಜೆ ಹೋಗುತ್ತಾಳೆ, ಮತ್ತೆ ತಿರುಗಿ ಬಂದು “ಇನ್ನೊಂದ್ಸಲ ನೋಡ್ಬಿಡ್ತೀನಿ” ಎನ್ನುತ್ತಾಳೆ. ಇಂಥವರ ಜೊತೆ ಒಂಬತ್ತು ವರ್ಷ ಕೆಲಸ ಮಾಡಿ ನೋಡಿ, ಆಮೇಲೆ ನನ್ನ ತಾಳ್ಮೆಯ ಬಗ್ಗೆ ಮಾತಾಡಿ.

ನಾವು ಕಟ್ಟುವುದು ಮನೆಗಾಡಿ. ಪೇಟೆಯವರು ಮೋಟರ್‌ಹೋಮ್ ಅನ್ನುತ್ತಾರೆ. ಕಂಪನಿಯಿಂದ ಬೋಳು ಗಾಡಿ ಬರುತ್ತದೆ: ಮುಂದೆ ಇಂಜಿನ್ನು, ಎರಡು ಸೀಟು, ಹಿಂದೆ ಬರೀ ಕಬ್ಬಿಣದ ಪಟ್ಟಿ. ಅದರ ಮೇಲೆ ನಾವು ಗೋಡೆ, ಚಾವಣಿ, ಕಿಟಕಿ ಎಬ್ಬಿಸುತ್ತೇವೆ. ನಾನು ಬಡಗಿ. ಒಳಗಿನ ಕಪಾಟು, ಮಡಚುವ ಮೇಜು, ಓಡುವಾಗ ತೆರೆದುಕೊಳ್ಳದ ಡ್ರಾಯರು, ಡ್ರೈವರನ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡಿರುವ ಅಟ್ಟದ ಹಾಸಿಗೆ, ಎಲ್ಲ ನನ್ನ ಕೈಕೆಲಸ. ಎಲ್ಲ ಮುಗಿದ ಮೇಲೆ ಗಾಡಿ ಅಕ್ಕನ ಕೈಗೆ ಹೋಗುತ್ತದೆ. ಅವಳು ಪರೀಕ್ಷೆ ಮಾಡಿ, ಕೊಂಡವರನ್ನು ಕೂರಿಸಿಕೊಂಡು ನೀರು, ಗ್ಯಾಸು, ಬ್ಯಾಟರಿ, ಬ್ರೇಕು ಒಂದೊಂದನ್ನೂ ಹೇಳಿಕೊಟ್ಟು ಕೀಲಿಕೈ ಕೊಡುತ್ತಾಳೆ.

ಹೊಸ ಮಾದರಿ ಬಂದ ಮೇಲೆ ಅವಳ ಪಟ್ಟಿಗೆ ಇನ್ನೊಂದು ಪೀಡೆ ಸೇರಿಕೊಂಡಿತು. ಡ್ಯಾಶ್‌ಬೋರ್ಡಿನೊಳಗೇ ಕೂರಿಸಿದ ದಾರಿ ತೋರಿಸುವ ಪರದೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಮ್ಮೆ ಕೆಟ್ಟರೆ ರಿಪೇರಿಯಿಲ್ಲ, ಕಳಚಿ ಬೇರೆ ಹಾಕೋಣವೆಂದರೆ ಬರುವುದಿಲ್ಲ, ಒಬ್ಬ ಗಿರಾಕಿಯನ್ನಂತೂ ನೇರ ಯಾರದೋ ಬಟ್ಟೆ ಒಣಹಾಕಿದ್ದ ಅಂಗಳಕ್ಕೆ ಕರೆದೊಯ್ದು “ನೀವು ತಲುಪಿದ್ದೀರಿ” ಎಂದಿತ್ತು. ಅದಕ್ಕಿಂತ ದೊಡ್ಡ ತೊಂದರೆ ಎತ್ತರದ್ದು. ಕಂಪನಿಯವರು ಬೋಳು ಗಾಡಿಯ ಎತ್ತರವನ್ನೇ ಅದರ ತಲೆಗೆ ತುಂಬಿಸಿ ಕಳಿಸುತ್ತಾರೆ, ಏಳೂವರೆ ಅಡಿ. ನಾವು ಮನೆ ಕಟ್ಟಿದ ಮೇಲೆ ಗಾಡಿ ಹತ್ತೂವರೆ ಅಡಿ. ತನ್ನ ಬೆನ್ನ ಮೇಲೆ ಮನೆ ಎದ್ದಿದೆಯೆಂದು ಆ ಪರದೆಗೆ ಯಾರಾದರೂ ಹೇಳಬೇಕಲ್ಲ? ಅಕ್ಕ ಹೇಳುತ್ತಿದ್ದಳು. ಪ್ರತಿ ಗಾಡಿಯಲ್ಲೂ ತಾನೇ ಕೂತು ಹತ್ತೂವರೆ ಎಂದು ಒತ್ತಿ, ಮತ್ತೆ ತೆರೆದು ನೋಡಿ, ಇನ್ನೊಂದು ಸಲ ನೋಡಿ, ಆಮೇಲೆ ಕೆಳಗಿಳಿಯುತ್ತಿದ್ದಳು.

ಹೊಸ ಗಾಡಿಯನ್ನು ಅಂಗಡಿಯಲ್ಲಿ ನಿಲ್ಲಿಸುವ ಮುಂಚೆ ಕೆಲಸದವರ ಮನೆಯವರಿಗೆ ಮೂರು ದಿನ ಕೊಟ್ಟು ಓಡಿಸಿ ನೋಡುವುದು ನಮ್ಮ ಯಜಮಾನರ ಪದ್ಧತಿ. ಆ ವಾರ ಅಕ್ಕನ ಸರದಿ. ಅವಳು ಅಪ್ಪ ಅಮ್ಮನನ್ನು ಕೆರೆಯ ಕಡೆಗೆ ಕಳಿಸುತ್ತೇನೆಂದಳು.

ಅವಳಪ್ಪ ಮೂವತ್ತು ವರ್ಷ ಅಂಚೆಯ ವ್ಯಾನು ಓಡಿಸಿದವರು. ಮಗಳ ಮಾತೆಂದರೆ ಅವರಿಗೆ ಕಿವಿಯ ಪಕ್ಕದ ಸೊಳ್ಳೆ. ಕಣ್ಣು ತೋರಿಸಿಕೋ ಅಪ್ಪಾ ಎಂದರೆ “ಸುಮ್ನಿರೇ”. ಮಾತ್ರೆ ನುಂಗಿದೆಯಾ ಎಂದರೆ “ಸುಮ್ನಿರೇ”. ಊಟದ ಹೊತ್ತಿನಲ್ಲಿ ಅವಳು ಇದನ್ನೆಲ್ಲ ಹೇಳಿಕೊಂಡು ಕಣ್ಣಲ್ಲಿ ನೀರು ತಂದುಕೊಂಡದ್ದೂ ಉಂಟು. ನಾನು ನಗುತ್ತಿದ್ದೆ. ನಿನ್ನಂಥ ಮಗಳಿದ್ದರೆ ನಾನೂ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ ಎನ್ನುತ್ತಿದ್ದೆ.

ಅವತ್ತು ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಬಂದರು. ಅಕ್ಕ ಶೆಡ್ಡಿನ ನೀಲಿ ಕೋಟು ಹಾಕಿಕೊಂಡು, ಬೇರೆ ಗಿರಾಕಿಗಳಿಗೆ ಹೇಳುವ ಹಾಗೆಯೇ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಓಡಿಸುವಾಗ ಫೋನು ಮುಟ್ಟಬಾರದು, ಎರಡನ್ನೂ ಡ್ರಾಯರಿನಲ್ಲಿಟ್ಟು ಚಿಲಕ ಹಾಕಿ. ಗಾಡಿ ನಿಂತಾಗಲೆಲ್ಲ ಬಾಗಿಲ ಪಕ್ಕದ ಕೆಂಪು ಸ್ವಿಚ್ಚು ಆಫ್ ಮಾಡಿ, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ, ತಂತಿ ಬಿಸಿಯಾದರೂ ಆಗಬಹುದು. ದಾರಿಗೆ ಪರದೆ ನೋಡಿ, ಎತ್ತರ ನಾನೇ ಹಾಕಿದ್ದೇನೆ, ನಂಬಬಹುದು. ಅಷ್ಟರಲ್ಲಿ ಅವಳಮ್ಮ ಏಣಿ ಹತ್ತಿ ಅಟ್ಟದಲ್ಲಿ ಮಲಗಿಯೇ ಬಿಟ್ಟಿದ್ದರು. “ನನ್ ಸೊಂಟಕ್ಕೆ ಇದೇ ಸರಿ ಕಣೇ. ನಾನು ಇಲ್ಲೇ ಮಲ್ಕೊಂಡು ಹೋಗ್ತೀನಪ್ಪ” ಎಂದರು. ಅಕ್ಕ ಗಾಬರಿಯಾಗಿ, “ಗಾಡಿ ಓಡುವಾಗ ಅಟ್ಟ ಹತ್ತೋ ಹಾಗಿಲ್ಲಮ್ಮಾ, ದಮ್ಮಯ್ಯ, ಮುಂದೆ ಕೂತು ಬೆಲ್ಟು ಹಾಕ್ಕೋ” ಎಂದಳು. ಅಮ್ಮ ನಕ್ಕರು. ಅಪ್ಪ ಮುಕ್ಕಾಲು ಗಂಟೆ ಮಗಳನ್ನೇ ನೋಡುತ್ತ ಕೂತಿದ್ದರು. ಒಂದು ಸಲವೂ “ಸುಮ್ನಿರೇ” ಎನ್ನಲಿಲ್ಲ, ಅದು ನನಗೆ ವಿಚಿತ್ರವೆನಿಸಿತು. ಒಂಬತ್ತಕ್ಕೆ ಹೊರಟರು.

ಹನ್ನೊಂದಕ್ಕೆ ಅಮ್ಮ ಫೋನು ಮಾಡಿದರು. ಎಲ್ಲೋ ಮರದಡಿ ನಿಲ್ಲಿಸಿ ಚಹಾ ಕುಡಿದೆವು, ಈಗ ಹೊರಡುತ್ತೇವೆ ಎಂದರು. ಅಕ್ಕನ ಮುಖ ಅರಳಿತು. ಅರ್ಧ ಗಂಟೆ ಕಳೆದಿರಬಹುದು, ನಾನು ಅದೇ ಮಾದರಿಯ ಇನ್ನೊಂದು ಗಾಡಿಯಲ್ಲಿ ದೀಪ ಕೂರಿಸುತ್ತಿದ್ದೆ. “ಅಕ್ಕಾ, ಒಂಚೂರು ಕೆಂಪು ಸ್ವಿಚ್ಚು ಆಫ್ ಮಾಡು” ಎಂದೆ. ಮಾಡಿದಳು. ಕೆಲಸ ಮುಗಿದ ಮೇಲೆ ಮತ್ತೆ ಹಾಕಿದಳು. ಅಭ್ಯಾಸಬಲ, ಪರದೆ ತೆರೆದು ಎತ್ತರ ನೋಡಿದಳು.

“ಬಡಗಿಯಣ್ಣಾ, ಇದು ಏಳೂವರೆ ಅಂತಿದೆ.”

“ಹಾಕೋಕೆ ಮರ್ತಿರ್ತೀಯ.”

“ನಾನಾ? ಮರೀತೀನಾ?”

ಅದೂ ನಿಜವೇ. ಮತ್ತೆ ಹತ್ತೂವರೆ ಹಾಕಿದಳು, ಸ್ವಿಚ್ಚು ಆಫ್ ಮಾಡಿದಳು, ಹಾಕಿದಳು. ಏಳೂವರೆ. ಮೂರನೆಯ ಸಲವೂ ಏಳೂವರೆ. ಪರದೆ ಒಂದು ಸದ್ದು ಮಾಡಲಿಲ್ಲ, ಒಂದು ಅಕ್ಷರ ಎಚ್ಚರಿಕೆ ತೋರಿಸಲಿಲ್ಲ. ಹೊಸ ಮಾದರಿಯಲ್ಲಿ ಕಂಪನಿಯವರು ಪರದೆಯ ತಂತಿಯನ್ನೂ ಆ ಸ್ವಿಚ್ಚಿಗೇ ಸೇರಿಸಿದ್ದರು, ನಮಗೆ ಒಬ್ಬರೂ ಹೇಳಿರಲಿಲ್ಲ. ಕರೆಂಟು ಹೋದೊಡನೆ ಪರದೆ ತನ್ನ ಬೆನ್ನ ಮೇಲಿನ ಮನೆಯನ್ನು ಮರೆತುಬಿಡುತ್ತಿತ್ತು.

ಅಕ್ಕ ಕೂತಲ್ಲೇ ಕೂತಳು. “ಕೆರೆ ದಾರೀಲಿ ರೈಲ್ವೆ ಸೇತುವೆ ಇದೆಯಲ್ಲಾ” ಎಂದಳು.

ಇದೆ. ನನಗೂ ಗೊತ್ತು. ಎತ್ತರದ ಗಾಡಿಯಾದರೆ ಹೆದ್ದಾರಿಯಲ್ಲಿ ಸುತ್ತು ಹಾಕಿ ಹೋಗಬೇಕು. ಸಣ್ಣ ಗಾಡಿಗೆ ಸೇತುವೆಯ ಕೆಳಗೆ ಅಡ್ಡದಾರಿ. ಆ ಸೇತುವೆಯ ಕೆಳಗೆ ಒಂಬತ್ತೇ ಅಡಿ. ಹತ್ತೂವರೆ ಅಡಿಯ ಗಾಡಿಯಲ್ಲಿ ಮೊದಲು ಬಡಿಯುವುದು ಮುಂದೆ ಚಾಚಿಕೊಂಡ ಅಟ್ಟ. ಆ ಅಟ್ಟ ಕಟ್ಟಿದವನು ನಾನು. ಅದರ ಹಲಗೆ ಎಷ್ಟು ತೆಳ್ಳಗಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಫೋನು ಮಾಡಿದಳು. ಅಪ್ಪನದು ರಿಂಗಾಗಿ ರಿಂಗಾಗಿ ನಿಂತಿತು. ಅಮ್ಮನದೂ ಹಾಗೆಯೇ. ಎರಡೂ ಡ್ರಾಯರಿನಲ್ಲಿವೆ, ಚಿಲಕ ಹಾಕಿದೆ, ಚಿಲಕ ಕೂರಿಸಿದವನೂ ನಾನೇ. ಯಜಮಾನರಿಗೆ ಒಂದು ಮಾತು ಹೇಳಿ ಶೆಡ್ಡಿನ ವ್ಯಾನು ಎತ್ತಿಕೊಂಡು ಹೊರಟೆವು.

ದಾರಿಯುದ್ದಕ್ಕೂ ಅವಳು ಫೋನು ಒತ್ತುತ್ತಲೇ ಇದ್ದಳು. ನಡುನಡುವೆ ನನ್ನ ಪ್ರಾಣ ತಿಂದಳು.

“ಅಪ್ಪ ನನ್ ಮಾತು ಯಾವತ್ತೂ ಕೇಳಲ್ಲ. ಸ್ವಿಚ್ಚು ಮುಟ್ಟಿರಲ್ಲ, ಅಲ್ವಾ ಬಡಗಿಯಣ್ಣ?”

“ಮುಟ್ಟಿರಲ್ಲ ಬಿಡು. ಅವರು ಮೊಂಡ ಮನುಷ್ಯ.”

“ಆದ್ರೆ ಮಾತು ಕೇಳದೇ ಇದ್ರೆ ಅಮ್ಮನ್ನ ಅಟ್ಟದಿಂದ ಇಳಿಸಿರಲ್ಲ.”

“ಸ್ವಿಚ್ಚು ಮುಟ್ಟದಿದ್ರೆ ಸೇತುವೆ ಕಡೆಗೇ ಹೋಗಲ್ಲ. ಅಟ್ಟದಲ್ಲಿದ್ರೆ ಏನಾಯ್ತು?”

ಮತ್ತೆರಡು ಸಲ ಫೋನು ಒತ್ತಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಅರ್ಧ ಕೇಳಿ ಅರ್ಧ ಬಿಟ್ಟಿದ್ರೆ?”

ಮುಂದಿನ ಲಾರಿಯವನಿಗೆ ಸುಮ್ಮನೆ ಹಾರ್ನ್ ಹೊಡೆದು ಬೈದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಹೆದ್ದಾರಿಯಲ್ಲಿ ಮುಂದೆ ಕಾಣುವ ನಮ್ಮದರಂಥ ಬಿಳಿ ಗಾಡಿಯನ್ನೆಲ್ಲ ಅವಳು ಕತ್ತು ಚಾಚಿ ನೋಡುತ್ತಿದ್ದಳು. ನಾನೂ ಮನಸ್ಸಿನಲ್ಲೇ ಆ ಮುದುಕನಿಗೆ ಹೇಳುತ್ತಿದ್ದೆ: ಕೇಳಬೇಡ ಮಾರಾಯ, ಮಗಳ ಮಾತು ಕೇಳಬೇಡ, ಇವತ್ತೊಂದು ದಿನ ಕಿವುಡನಾಗಿರು. ಅಡ್ಡದಾರಿಗೆ ತಿರುಗಿದಾಗ ಅವಳು ಫೋನನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡಳು.

ದೂರದಿಂದಲೇ ಜನ ಕಂಡರು. ಸೇತುವೆಯ ಬಾಯಿಗೆ ನಮ್ಮ ಗಾಡಿ ಸಿಕ್ಕಿಕೊಂಡಿತ್ತು. ಅಟ್ಟ ಇರಲಿಲ್ಲ. ಅಂದರೆ, ಇತ್ತು, ರಟ್ಟಿನ ಪೆಟ್ಟಿಗೆಯನ್ನು ತುಳಿದ ಹಾಗೆ ಚಪ್ಪಟೆಯಾಗಿತ್ತು. ಹಾಸಿಗೆಯ ಸ್ಪಂಜು ಸೀಳಿನಿಂದ ಹೊರಗೆ ಜೋತಾಡುತ್ತಿತ್ತು. ನಾನು ಬ್ರೇಕು ಹಾಕುವ ಮುಂಚೆಯೇ ಅಕ್ಕ ಬಾಗಿಲು ತೆಗೆದು ಹಾರಿದ್ದಳು. “ಅಮ್ಮಾ!” ಎಂದು ಅವಳು ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ಇಲ್ಲಿದೀನಿ ಕಣೇ, ಅಳ್ಬೇಡ” ಎಂದರು ಅಮ್ಮ. ರಸ್ತೆಬದಿಯ ಕಲ್ಲಿನ ಮೇಲೆ ಸೊಂಟ ಹಿಡಿದುಕೊಂಡು ಕೂತಿದ್ದರು. ಎದೆಗೆ ಬೆಲ್ಟು ಒತ್ತಿದ ಗುರುತು, ಅಷ್ಟೇ. ಮುಂದಿನ ಸೀಟಿನಲ್ಲೇ ಇದ್ದರಂತೆ. ಅಪ್ಪನ ಹಣೆಯಲ್ಲಿ ಊದಿದ ಒಂದು ಬೋರೆ. ಡ್ರಾಯರು ಬಿಗಿದುಕೊಂಡು ಫೋನುಗಳು ಒಳಗೇ ಉಳಿದಿದ್ದವಂತೆ. ಅಕ್ಕ ಇಬ್ಬರನ್ನೂ ತಬ್ಬಿಕೊಂಡು, ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ನಾನು ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಯಾರಾದರೂ ನೋಡಿದ್ದರೆ ಧೂಳು ಎನ್ನುತ್ತಿದ್ದೆ.

ಅಷ್ಟರಲ್ಲಿ ನನಗೆ ಯಜಮಾನರ ಫೋನು ಬಂತು. ಆದದ್ದನ್ನು ಹೇಳಿ, ಎಲ್ಲರಿಗೂ ಕೇಳುವಂತೆ ಹಿಡಿದೆ. ಜೀವಕ್ಕೇನೂ ಆಗಿಲ್ಲವಲ್ಲ ಎಂದು ಮೊದಲು ಕೇಳಿದರು, ಅದನ್ನು ಮರೆಯಬಾರದು. ಆಮೇಲೆ ಅಪ್ಪನಿಗೆ, “ನಿಂತಾಗ ಆ ಕೆಂಪು ಸ್ವಿಚ್ಚು ಆಫ್ ಮಾಡಿದ್ರಾ? ಹಾಗೆ ಮಾಡಿ ಅಂತ ನಿಮ್ಮ ಮಗಳು ಹೇಳಿದ್ರಾ?” ಎಂದರು.

ಅಪ್ಪ ಮಗಳ ಮುಖ ನೋಡಿದರು. ಅಲ್ಲಿ ಏನು ಕಂಡರೋ, ಫೋನಿನ ಕಡೆ ಬಾಗಿದರು. “ಅವಳು ಎಲ್ಲಾ ಸರಿಯಾಗೇ ಹೇಳ್ಕೊಟ್ಟಿದ್ಳು ಸ್ವಾಮಿ. ನಾನೇ ಮೊಂಡ. ಒಂದನ್ನೂ ಮಾಡ್ಲಿಲ್ಲ. ಆ ಸ್ವಿಚ್ಚನ್ನಂತೂ ಮುಟ್ಟೇ ಇಲ್ಲ. ನಾನು ಯಾವತ್ತು ಇವಳ ಮಾತು ಕೇಳಿದೀನಿ? ತಪ್ಪೆಲ್ಲ ನಂದೇ.”

“ಹಾಗಾದ್ರೆ ಓಡಿಸಿದವರ ತಪ್ಪು ಅಂತ ಬರ್ಕೊಳ್ಳೋಣ. ಅಕ್ಕಾ, ನಿಮ್ ತಲೆಗೇನೂ ಬರಲ್ಲ ಬಿಡಿ” ಎಂದರು ಯಜಮಾನರು.

ನಾನು ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಸುಮ್ಮನಿರು, ಮುಗಿಯಿತಲ್ಲ, ಎಂದು. ಒಪ್ಪಿಕೊಳ್ಳುತ್ತೇನೆ, ಅದೇ ನನ್ನ ಬುದ್ಧಿ. ಅವಳು ನನ್ನ ಕಡೆ ನೋಡಲೇ ಇಲ್ಲ. ಗಾಡಿಯ ಬಾಗಿಲು ಎಳೆದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಒಂದು ಹಾಳೆ ಇತ್ತು, ನಾಲ್ಕು ಮೂಲೆಗೂ ಅಂಟುಪಟ್ಟಿ. ಸ್ಟೀರಿಂಗಿನ ಎದುರಿಗೇ ಅಂಟಿಸಿದ್ದರಂತೆ. ಅಂಚೆಯವರ ದುಂಡು ಅಕ್ಷರ. ಫೋನು ಡ್ರಾಯರಿಗೆ. ಬೆಲ್ಟು, ಇಬ್ಬರಿಗೂ. ಅಟ್ಟ ಹತ್ತಬಾರದು. ಕೆಂಪು ಸ್ವಿಚ್ಚು, ನಿಂತಾಗಲೆಲ್ಲ ಆಫ್. ಎದುರಿಗೆ ಎರಡು ಸಾಲು ಟಿಕ್ಕು ಗುರುತು, ನಿಂತ ಎರಡು ಜಾಗಕ್ಕೆ ಎರಡು, ಪಕ್ಕದಲ್ಲಿ ಗಂಟೆ ನಿಮಿಷದ ಸಮೇತ. ಒಂದೂ ಬಿಟ್ಟಿರಲಿಲ್ಲ.

“ಸಾರ್, ಅಪ್ಪ ಸುಳ್ಳು ಹೇಳ್ತಿದಾರೆ” ಎಂದಳು ಅಕ್ಕ. “ನಾನು ಹೇಳಿದ್ದನ್ನೆಲ್ಲ ಮಾಡಿದಾರೆ. ಮಾಡಿದ್ದಕ್ಕೇ ಹೀಗಾಗಿದೆ. ಪರದೇಲಿ ಏಳೂವರೆ ಅಂತಿದೆ, ಈಗ ನೋಡ್ದೆ.”

“ಸುಮ್ನಿರೇ!” ಎಂದರು ಅಪ್ಪ. ಹಾಳೆ ಕಿತ್ತುಕೊಳ್ಳಲು ಕೈ ಚಾಚಿದರು.

“ಹೇಗಪ್ಪಾ ಸುಮ್ನಿರ್ಲಿ? ಈ ಮಾದರಿ ಹನ್ನೊಂದು ಗಾಡಿ ಹೋಗಿದೆ. ಹನ್ನೊಂದು ಮನೆಯವರಿಗೂ ಇದೇ ಬಾಯಲ್ಲಿ ಇದನ್ನೇ ಹೇಳಿದೀನಿ.”

ಆ ಕಡೆ ಯಜಮಾನರು ಕೊಂಡವರ ಪುಸ್ತಕ ತಿರುವುವ ಸದ್ದು ಕೇಳಿಸಿತು. ಕೊನೆಗೆ, “ನಂಬರು ಕಳಿಸ್ತೀನಿ, ಈಗಲೇ ಶುರು ಮಾಡಿ. ಮಿಕ್ಕಿದ್ದು ನಾಳೆ ನೋಡೋಣ” ಎಂದರು. ಅವಳ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು ಆ ನಾಳೆಯಲ್ಲಿತ್ತು. ಅವಳು ಅದನ್ನು ಕೇಳಲಿಲ್ಲ.

ನಂಬರು ನನ್ನ ಫೋನಿಗೆ ಬಂದವು. ಅಪ್ಪ ಅದನ್ನು ಕಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಅಂಕಿ ಜೋರಾಗಿ ಓದಿದರು. ಅಕ್ಕ ಕಲ್ಲಿನ ಮೇಲೆ ಅಮ್ಮನ ಪಕ್ಕ ಕೂತು ಒತ್ತಿದಳು. “ನಮಸ್ಕಾರ, ನಾನು ನಿಮ್ಮ ಗಾಡಿ ಕೊಟ್ಟವಳು. ನಾನು ತಪ್ಪು ಹೇಳ್ಕೊಟ್ಟಿದೀನಿ. ಎಲ್ಲಿದೀರೋ ಅಲ್ಲೇ ನಿಲ್ಸಿ, ಪರದೆ ನಂಬಬೇಡಿ.” ಒಬ್ಬರು ಬೈದರು. ಒಬ್ಬರು ಗಾಡಿಯನ್ನು ಇನ್ನೂ ಮನೆಯಿಂದ ತೆಗೆದೇ ಇರಲಿಲ್ಲ. ಆರನೆಯವರು ಎತ್ತಲಿಲ್ಲ, ಮತ್ತೆ ಮತ್ತೆ ಮಾಡಬೇಕಾಯಿತು. ಆ ಹತ್ತು ನಿಮಿಷ ಅಮ್ಮ ಅವಳ ಬೆನ್ನು ಸವರುತ್ತಲೇ ಇದ್ದರು. ಕೊನೆಗೆ ಎತ್ತಿದರು. ಪೆಟ್ರೋಲ್ ಬಂಕಿನಲ್ಲಿದ್ದರಂತೆ.

ಆಗ ಅವಳಿಗೆ ತಡೆಯಲಾಗಲಿಲ್ಲ. ಫೋನು ಕೆಳಗಿಟ್ಟು ಅಳುತ್ತ ಕೇಳಿದಳು: “ಹುಟ್ಟಿದಾಗಿಂದ ನನ್ನದೊಂದು ಮಾತು ಕೇಳ್ಲಿಲ್ಲ ನೀನು. ಇವತ್ತು ಯಾಕಪ್ಪಾ ಕೇಳ್ದೆ?”

ಅಪ್ಪ ಸೇತುವೆಗೆ ಸಿಕ್ಕಿಕೊಂಡ ಗಾಡಿಯನ್ನು ನೋಡಿದರು. ಹಣೆಯ ಬೋರೆ ಸವರಿಕೊಂಡರು.

“ನೀನು ಕೆಲಸ ಮಾಡೋದನ್ನ ಇವತ್ತಿನ ತನಕ ನಾನು ನೋಡಿರ್ಲಿಲ್ವಲ್ಲೇ” ಎಂದರು. ಆಮೇಲೆ ಏಳನೆಯ ನಂಬರು ಓದಿದರು.