ಮುಟ್ಟಿದ ಮೇಲೆ ಎಚ್ಚರಾಗುವ ಕಡಲು

ಪೈಂಟರ್ ಕಾಕನ ಬಲಗೈಯಲ್ಲಿ ರೇಖೆಗಳೇ ಇರಲಿಲ್ಲ. ಮೂವತ್ತು ವರ್ಷ ಪುಟ್ಟಿ ಹಚ್ಚಿ, ಸ್ಯಾಂಡ್‌ಪೇಪರ್ ಉಜ್ಜಿ, ಅಂಗೈ ಹಳೆಯ ಮಣೆಯ ಹಾಗೆ ಸವೆದು ನುಣುಪಾಗಿತ್ತು. ಸೈಟಿನ ಬಾಗಿಲಲ್ಲಿದ್ದ ಹಾಜರಿ ಯಂತ್ರಕ್ಕೆ ಅವರ ಬೆರಳಿನ ಗುರುತು ಸಿಗುತ್ತಿರಲಿಲ್ಲ. ದಿನಾ ಕೆಂಪು ದೀಪ. ಅವರು ಯಂತ್ರದ ನೆತ್ತಿಗೆ ಮೆಲ್ಲಗೆ ತಟ್ಟಿ, "ನಿನ್ನೆ ಬಂದದ್ದೂ ನಾನೇ ಮಾರಾಯ, ಇವತ್ತೂ ನಾನೇ" ಎನ್ನುತ್ತಿದ್ದರು. ಕಾವಲಿನವನು ನಗುತ್ತಾ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಒಳಗೆ ಬಿಡುತ್ತಿದ್ದ.

ಜೆದ್ದಾದ ಕಡಲ ದಂಡೆಯಲ್ಲಿ ಆಗ ನಾವು ಒಂದು ದೊಡ್ಡ ಡಿಜಿಟಲ್ ಕಲಾಪ್ರದರ್ಶನ ಕಟ್ಟುತ್ತಿದ್ದೆವು. ಮಳೆ ಬಂದ ಮರುದಿನದ ಮರುಭೂಮಿ, ಖರ್ಜೂರದ ತೋಟ, ಕಡಲು, ಎಲ್ಲವನ್ನೂ ಬರೀ ಬೆಳಕಿನಲ್ಲಿ ಮಾಡಿ ಜನರನ್ನು ಅದರೊಳಗೆ ನಡೆಸಬೇಕು. ಕಡಲಿನ ಕೋಣೆ ನನ್ನ ಪಾಲಿಗೆ ಬಂದಿತ್ತು. ಮೇಲಿನ ಪ್ರೊಜೆಕ್ಟರುಗಳು ಗೋಡೆಗೂ ನೆಲಕ್ಕೂ ನೀರು ಹರಿಸಬೇಕು, ಕೆಲವು ರಾತ್ರಿ ನಿಜದ ಕಡಲು ಹೊಳೆಯುವ ಹಾಗೆ, ಜನ ಹೆಜ್ಜೆ ಇಟ್ಟಲ್ಲಿ ಆ ನೀರು ನೀಲಿಯಾಗಿ ಹೊಳೆಯಬೇಕು. ಗೋಡೆ ಸಾಸಿವೆಯಷ್ಟು ಉಬ್ಬಿದ್ದರೂ ಅಲೆ ಅಲ್ಲಿ ಸೊಟ್ಟಗಾಗುತ್ತದೆ. ಅದಕ್ಕೇ ಕಾಕನನ್ನು ಕರೆಸಿದ್ದು. ಅವರು ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ಅಂಗೈಯಿಂದ ಸವರುತ್ತಾ ಹೋಗುತ್ತಿದ್ದರು. ಉಬ್ಬು ಸಿಕ್ಕಿದರೆ, "ಇಲ್ಲೊಂದು ಸೊಳ್ಳೆ ಕಚ್ಚಿದೆ" ಎಂದು ಪೆನ್ಸಿಲಿನಿಂದ ಗುಂಡಗೆ ಗುರುತು ಹಾಕುತ್ತಿದ್ದರು. ಅವರು ಮುಗಿಸಿದ ಗೋಡೆಯಲ್ಲಿ ನಾನು ಯಂತ್ರ ಇಟ್ಟು ಹುಡುಕಿದರೂ ಒಂದೂ ಸೊಳ್ಳೆ ಸಿಗಲಿಲ್ಲ.

ಕಾಕ ಮಂಗಳೂರಿನ ಬೆಂಗ್ರೆಯವರು. ಗಲ್ಫಿಗೆ ಬರುವ ಮೊದಲು ಹತ್ತು ವರ್ಷ ಮೀನಿನ ಬೋಟಿನಲ್ಲಿ ಹೋದವರು. ನಾನು ಉಡುಪಿಯವನು. ಕಡಲು ನಮ್ಮ ಮನೆಯಿಂದ ಬಸ್ಸಿನಲ್ಲಿ ಹದಿನೈದು ನಿಮಿಷ, ಆದರೆ ಅಮ್ಮನ ಹೆದರಿಕೆಯಿಂದ ಮೊಣಕಾಲಿಗಿಂತ ಮೇಲೆ ನೀರು ಕಂಡವನಲ್ಲ. ಕಡಲು ಎಂದರೆ ನನಗೆ ಭಾನುವಾರ ಸಂಜೆಯ ಚರುಂಬುರಿ, ಅಷ್ಟೇ. ಹಾಗಾಗಿ ನಾನು ಮಾಡಿದ ಕಡಲು ಮದುವೆ ಹಾಲಿನ ಲೈಟಿಂಗಿನ ಹಾಗೆ ಕಾಣುತ್ತಿತ್ತು. ಕಾಲಿಡುವ ಮೊದಲೇ ನೆಲ ಝಗ್ ಎಂದು ಹೊತ್ತಿಕೊಳ್ಳುತ್ತಿತ್ತು. ಎರಡು ಸಲ ತೋರಿಸಿದೆ, ಎರಡು ಸಲವೂ ಮುದೀರ್, ಎಂದರೆ ನಮಗೆಲ್ಲ ಮೇಲಿನ ಅಧಿಕಾರಿ, ತಲೆ ಅಲ್ಲಾಡಿಸಿ ಹೊರಟುಹೋದರು. ಮೂರನೆಯ ಸಲವೂ ಹೀಗಾದರೆ ಕೋಣೆಯನ್ನು ಬೇರೆಯವರಿಗೆ ಕೊಡುವುದಾಗಿ ನನ್ನ ಕಂಪೆನಿ ಹೇಳಿತ್ತು.

ಆ ದಿನ ಕಾಕ ಮೂಲೆಯಲ್ಲಿ ಬ್ರಷ್ ತೊಳೆಯುತ್ತಿದ್ದರು. ನನ್ನ ಸಪ್ಪೆ ಮುಖ ನೋಡಿ ಹತ್ತಿರ ಬಂದರು.

"ಬೇಜಾರು ಮಾಡ್ಬೇಡಿ ಮಾರಾಯ್ರೆ, ಒಂದು ಹೇಳ್ಲಾ? ನಿಮ್ಮ ಬೆಳಕು ಕಾಲಿನ ಮುಂದೆ ಓಡ್ತಾ ಉಂಟು. ನೀವು ಬರ್ತೀರಿ ಅಂತ ಕಡಲಿಗೆ ಹೇಗೆ ಗೊತ್ತು? ಮುಟ್ಟಿದ ಮೇಲೆ ಅದಕ್ಕೆ ಎಚ್ಚರ ಆಗುದು."

ಬಕೆಟ್ಟಿನ ನೀರಿಗೆ ಕೈ ಅದ್ದಿ ನಿಧಾನವಾಗಿ ಎಳೆದು ತೋರಿಸಿದರು. "ರಾತ್ರಿ ಬೋಟಿನಿಂದ ಹೀಗೆ ಕೈ ಇಳಿಬಿಟ್ರೆ, ಕೈ ಹೋದ ಮೇಲೆ ಹಿಂದೆ ಹಿಂದೆ ಹೊಳೀತದೆ. ಮತ್ತೆ ಅಂಚಿನಿಂದ ಆರ್ತಾ ಬರ್ತದೆ. ಸುಮ್ಮನೆ ನಿಂತ್ರೆ ಉಂಟಲ್ಲ, ಎಂತ ಇಲ್ಲ, ಕಪ್ಪು. ಹೆದರಿಕೆ ಆಗ್ತದೆ. ಆ ಹೆದರಿಕೆಯನ್ನು ಸ್ವಲ್ಪ ಇಡಿ ನೀವು."

ಎರಡು ದಿನ ಕುಳಿತು ಅವರು ಹೇಳಿದ ಹಾಗೇ ಮಾಡಿದೆ. ಸರಿಯಾಯಿತಾ ಎಂದು ನೋಡಲು ಅವರನ್ನೇ ನಡೆಸಿದೆ. ಅವರು ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟು, ನಿಂತು, ಕತ್ತಲಾಗುವವರೆಗೆ ಕಾದು, ಕಾಲ ಹೆಬ್ಬೆರಳನ್ನು ಮಾತ್ರ ಅಲ್ಲಾಡಿಸಿದರು. ಬೆರಳಿನಷ್ಟೇ ನೀಲಿ ಮಿನುಗಿತು. ಐವತ್ತೆಂಟರ ಮನುಷ್ಯ ಮಗುವಿನ ಹಾಗೆ ನಕ್ಕರು. ಆಮೇಲೆ ಒಂದು ಬೇಡಿಕೆ ಇಟ್ಟರು.

"ನಮ್ಮವಳು ಮುಂದಿನ ವಾರ ಊರಿನವರ ಜೊತೆ ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಬರ್ತಾಳೆ. ಕಡಲು ಹೀಗೆ ಹೊಳೀತದೆ ಅಂತ ಮದುವೆ ಆದಂದಿನಿಂದ ಹೇಳ್ತಾ ಇದ್ದೇನೆ, ಅವಳು ನಂಬುದಿಲ್ಲ. ಬೋಟಿನಲ್ಲಿ ಹೆಂಗಸರನ್ನು ಕರ್ಕೊಂಡು ಹೋಗುವ ಕ್ರಮ ಇಲ್ಲ ಅಲ್ವಾ. ಐದು ನಿಮಿಷ ಒಳಗೆ ಬಿಟ್ರೆ ಸಾಕು."

"ಐದು ನಿಮಿಷ ಎಂತಕ್ಕೆ ಕಾಕ, ಅರ್ಧ ಗಂಟೆ ಕೊಡ್ತೇನೆ. ಗುರುವಾರ ಹತ್ತಕ್ಕೆ ಬನ್ನಿ. ನಾನು ಬಾಗಿಲಲ್ಲೇ ಇರ್ತೇನೆ" ಎಂದೆ. ದೊಡ್ಡ ಜನದ ಹಾಗೆ.

ಗುರುವಾರ ನಾನು ಬಾಗಿಲಲ್ಲೇ ಇದ್ದೆ. ಆದರೆ ಮೂರನೆಯ ಸಲ ನೋಡಲು ಮಧ್ಯಾಹ್ನ ಬರಬೇಕಿದ್ದ ಮುದೀರ್ ಬೆಳಿಗ್ಗೆಯೇ ಬಂದುಬಿಟ್ಟರು, ಜೊತೆಗೆ ಪ್ರಚಾರದ ವೀಡಿಯೊ ತೆಗೆಯುವವರು. ಕೋಣೆಯಲ್ಲಿ ನಡೆದಾಡಿ ಮುದೀರರ ಮುಖ ಅರಳಿತು. ಇದು ನಿಮ್ಮ ತಲೆಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಕ್ಯಾಮೆರಾ ನನ್ನ ಕಡೆ ತಿರುಗಿತು. ನಾನು ಇಂಗ್ಲಿಷಿನಲ್ಲಿ, ಒಂದು ಕ್ಷಣವೂ ತಡವರಿಸದೆ ಹೇಳಿದೆ: ನಾನು ಕಡಲ ಮಗ, ಬಾಲ್ಯದಲ್ಲಿ ದೋಣಿಯಿಂದ ಕೈ ಇಳಿಬಿಟ್ಟು ಈ ಬೆಳಕನ್ನು ಕಂಡಿದ್ದೇನೆ. ಚರುಂಬುರಿ ತಿಂದ ಬಾಯಿ!

ಮಾತು ಮುಗಿಸಿ ಮುದೀರರೊಂದಿಗೆ ಹೊರಬಾಗಿಲಿಗೆ ಬಂದರೆ ಕಾಕ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಆಗಲೇ ಬಿಚ್ಚಿ ಹಿಡಿದ ಚಪ್ಪಲಿ. ಪಕ್ಕದಲ್ಲಿ ಕಪ್ಪು ಬುರ್ಖಾದ ಹೆಂಗಸು, ಕೊರಳಲ್ಲಿ ಉಮ್ರಾ ಗುಂಪಿನ ಗುರುತುಚೀಟಿ. ಅವರೂ ಚಪ್ಪಲಿ ಬಿಚ್ಚಿದ್ದರು. ಕಾಕನೇ ಹೇಳಿಕೊಟ್ಟಿರಬೇಕು. ನನ್ನನ್ನು ಕಂಡು ಆಕೆ ಪರಿಚಯದವರ ಹಾಗೆ ನಕ್ಕರು.

"ಇವರಿಬ್ಬರನ್ನೂ ನೀವು ಕರೆದದ್ದಾ?" ಎಂದು ಕಾವಲಿನವನು ಹಿಂದಿಯಲ್ಲಿ ನನ್ನನ್ನು ಕೇಳಿದ. ಮುದೀರರೂ ತಿರುಗಿ ನೋಡಿದರು. ಕಾಕ ಬಾಯಿ ತೆರೆದರೆ ನನ್ನ ಬಾಲ್ಯ ಅಲ್ಲೇ ಮುಗಿಯುತ್ತಿತ್ತು.

"ಪೈಂಟಿನ ಲೇಬರ್" ಎಂದೆ. "ಇವತ್ತು ಕೆಲಸ ಇಲ್ಲ ಅಂತ ಹೇಳು." ಹೇಳಿ, ನೊಣ ಓಡಿಸುವ ಹಾಗೆ ಕೈ ಬೀಸಿದೆ. ಆ ಕೈ ಬೀಸಿದ್ದನ್ನು ನೆನೆದರೆ ಇವತ್ತಿಗೂ ಕುಳಿತಲ್ಲೇ ಮೈ ಹಿಡಿಯಾಗುತ್ತದೆ.

ಕಾಕ ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ತಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿದ್ದು ನನಗೆ ಅರ್ಥವಾಯಿತು. ಕರೆಂಟ್ ಹೋಗಿದೆಯಂತೆ, ಪಾಪ, ಅವರೇನು ಮಾಡಿಯಾರು. ಇಬ್ಬರೂ ಗೋಡೆ ಹಿಡಿದುಕೊಂಡು ಚಪ್ಪಲಿ ಹಾಕಿಕೊಂಡರು. ಹೊರಗೆ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

ಸಂಜೆ ಕಾವಲಿನವನು ನನಗೊಂದು ಪೊಟ್ಟಣ ಕೊಟ್ಟ. ಆಕೆ ಊರಿನಿಂದ ನನಗೆಂದೇ ತಂದಿದ್ದ ಹಲಸಿನ ಹಪ್ಪಳ. ಅಜೀಜಿಯಾ ಬಡಾವಣೆಯ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಅದನ್ನು ಕರಿದಳು. ನಾನು ತಿಂದೆ. ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆಯಬಹುದಿತ್ತು, ಆದರೆ ಸಿಕ್ಕಿಕೊಳ್ಳಲಿಲ್ಲ. ಎಂಟು ಹಪ್ಪಳ ತಿಂದೆ.

ಮುಂದಿನ ವಾರ ಕಾಕ ಗೋಡೆಯ ಕೊನೆಯ ಕೆಲಸಕ್ಕೆ ಬಂದರು. ಸಿಟ್ಟಿಲ್ಲ, ಮುನಿಸಿಲ್ಲ. ಟಾರ್ಚ್ ಹಿಡಿದರು, ಸವರಿದರು, ಸೊಳ್ಳೆ ಹುಡುಕಿದರು. ಒಂದೇ ವ್ಯತ್ಯಾಸ, ಅಲ್ಲಿಯವರೆಗೆ "ಮಾರಾಯ್ರೆ" ಎನ್ನುತ್ತಿದ್ದವರು ಅಂದಿನಿಂದ ನನ್ನನ್ನು "ಸಾರ್" ಎಂದು ಕರೆದರು. ಕ್ಷಮೆ ಕೇಳಬೇಕೆಂದು ನಾಲ್ಕು ದಿನವೂ ಅಂದುಕೊಂಡೆ. ಐದನೆಯ ದಿನ ಕಂಪೆನಿಯ ಬಸ್ಸು ಅವರನ್ನು ಜುಬೈಲಿನ ಕೆಲಸಕ್ಕೆ ಕರೆದುಕೊಂಡು ಹೋಯಿತು. ಅಲ್ಲಿಂದ ಎದೆನೋವೆಂದು ಊರಿಗೆ ಮರಳಿದರು. ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಸೈಟಿನವರ ವಾಟ್ಸಾಪ್ ಗುಂಪಿನಲ್ಲಿ. ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದರು, ನಾನೂ ಹಾಕಿದೆ.

ಅದಾಗಿ ಎಂಟು ತಿಂಗಳ ಮೇಲೆ ರಜೆಯಲ್ಲಿ ಊರಿಗೆ ಹೋದಾಗ ಬಂದರಿನಿಂದ ದೋಣಿ ಹತ್ತಿ ಬೆಂಗ್ರೆಗೆ ದಾಟಿದೆ. ದೋಣಿಯಿಂದ ನೀರಿಗೆ ಕೈ ಇಳಿಬಿಡುವ ಧೈರ್ಯ ಅಂದೂ ಆಗಲಿಲ್ಲ. ಕಾಕನ ಹೆಂಡತಿ ನನ್ನನ್ನು ಗುರುತಿಸಿ ಜಗಲಿಯಲ್ಲಿ ಕುರ್ಚಿ ಹಾಕಿಸಿದರು, ಮಗಳ ಕೈಯಲ್ಲಿ ಚಹಾ ಕೊಡಿಸಿ ತಾವು ಒಳಬಾಗಿಲಲ್ಲಿ ಕೂತರು.

"ಆ ಕೋಣೆ ಮೊಬೈಲಲ್ಲಿ ಉಂಟಾ?" ಎಂದು ಕೇಳಿದರು.

ಇತ್ತು. ಅದೇ ಪ್ರಚಾರದ ವೀಡಿಯೊ. ಕೊಟ್ಟೆ. ಮೊದಲು ಬಂದದ್ದು ನನ್ನ ಮುಖ, ನನ್ನ ಇಂಗ್ಲಿಷು. ಆಮೇಲೆ ಕತ್ತಲು, ಒಂದು ಹೆಜ್ಜೆ, ಅದರ ಹಿಂದಿನಿಂದ ನೀಲಿ. ಆಕೆ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅಂಚಿನಿಂದ ಆರುತ್ತಾ ಬಂದಾಗ, "ಹೌದು, ಹೀಗೇ ಹೇಳ್ತಿದ್ರು" ಎಂದರು. ಮತ್ತೆ ಮೊದಲಿನಿಂದ ಹಾಕಿಸಿಕೊಂಡರು.

"ಇದ್ರಲ್ಲಿ ನೀವು ಎಂತ ಹೇಳ್ತಾ ಇದ್ದೀರಿ?"

ನಾನು ಚಹಾದ ಲೋಟ ನೋಡಿದೆ. "ಇದನ್ನೆಲ್ಲ ಕಾಕ ಹೇಳಿಕೊಟ್ಟದ್ದು ಅಂತ ಹೇಳ್ತಿದ್ದೇನೆ ಅಮ್ಮ."

ಆಕೆ ಮೊಬೈಲನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟರು.

"ಆಗ್ಲಿ, ನಂಬ್ತೇನೆ. ಆ ದಿನ ಕರೆಂಟ್ ಇಲ್ಲ ಅಂತ ಅವರು ಹೇಳಿದಾಗಲೂ ಹೀಗೇ ನಂಬಿದ್ದು ನಾನು. ಏಸಿಯ ತಣ್ಣನೆ ಗಾಳಿ ಬಾಗಿಲಿನಿಂದ ನನ್ನ ಬರಿಗಾಲಿಗೆ ಬಡೀತಾ ಇತ್ತು."

ಹೊರಡುವಾಗ ಕೈಗೊಂದು ಪೊಟ್ಟಣ ಇಟ್ಟರು. ಹಲಸಿನ ಹಪ್ಪಳ. ಅದನ್ನು ಜೆದ್ದಾಕ್ಕೆ ತಂದಿದ್ದೇನೆ. ಕರಿಯಲು ಹೆಂಡತಿಗೆ ಕೊಟ್ಟಿಲ್ಲ.