ಕಾರ್‌ಪೂಲಿನ ಮೂರನೇ ತಲೆ

ಫೋನಿನೊಳಗೆ ಕೂತು ದಾರಿ ಹೇಳುವ ಹೆಂಗಸು ಇನ್ನೂ ಹುಟ್ಟಿರದ ದಿನಗಳವು. ಮುಂದೆ ಆಕ್ಸಿಡೆಂಟ್ ಆಗಿದೆಯೋ ಇಲ್ಲವೋ ಎನ್ನುವುದನ್ನು ರೇಡಿಯೋ ಹೇಳಬೇಕಿತ್ತು, ಇಲ್ಲವೇ ಮುಂದಿನ ಕಾರಿನ ಕೆಂಪು ದೀಪ ಹೇಳಬೇಕಿತ್ತು. ಆಗ ಲಾಸ್ ಏಂಜಲೀಸಿನ ಟ್ರಾಫಿಕ್ಕಿಗೆ ಬೈಯದ ಮನುಷ್ಯರೇ ಇರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ತಲೆ ಕೆಟ್ಟಿದೆ ಅಂತ ಕಮೆಂಟ್ ಹಾಕುವವರು ಧಾರಾಳವಾಗಿ ಹಾಕಿ. ಆದರೆ ಮೊದಲು ಪೂರ್ತಿ ಓದಿ.

ನಮ್ಮ ಮನೆ ಪೊಮೊನಾದಲ್ಲಿತ್ತು. ಅಮ್ಮ ಅಲ್ಲಿನ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದಳು. ಅಪ್ಪನ ಆಫೀಸು ರೆಡೊಂಡೊ ಬೀಚಿನಲ್ಲಿ, ಸಮುದ್ರದ ಪಕ್ಕ. ನಡುವೆ ಇಡೀ ಲಾಸ್ ಏಂಜಲೀಸ್ ಅಡ್ಡ ಬಿದ್ದುಕೊಂಡಿತ್ತು. ನಾನು ಏಳುವ ಮೊದಲೇ ಅಪ್ಪ ಹೋಗಿರುತ್ತಿದ್ದರು, ನನ್ನ ಊಟ ಮುಗಿದ ಮೇಲೆ ಬರುತ್ತಿದ್ದರು. ನನ್ನ ಮಟ್ಟಿಗೆ ಅಪ್ಪ ಅಂದರೆ ಗರಾಜಿನ ಬಾಗಿಲು ಏಳುವ ಸದ್ದು, ಅಷ್ಟೇ.

ಟೆನ್ ನಂಬರಿನ ಫ್ರೀವೇಯಲ್ಲಿ ಎಲ್ ಮಾಂಟೆಯಿಂದ ಡೌನ್‌ಟೌನಿನವರೆಗೆ ಒಂದು ಕಾರ್‌ಪೂಲ್ ಲೇನ್ ಇದೆ, ಟ್ರಾಫಿಕ್ಕಿನಲ್ಲೂ ಬೇಗ ಸಾಗುವಂಥದು. ಆಫೀಸಿನ ಹೊತ್ತಿನಲ್ಲಿ ಅದರೊಳಗೆ ಹೋಗಬೇಕಾದರೆ ಕಾರಿನಲ್ಲಿ ಮೂರು ತಲೆ ಇರಬೇಕು. ಅಪ್ಪನ ಜೊತೆ ಡೆಕ್ಲನ್ ಅಂಕಲ್ ಅಂತ ಐರ್ಲೆಂಡಿನವರೊಬ್ಬರು ಹೋಗುತ್ತಿದ್ದರು, ಅದೇ ಆಫೀಸಿನವರು. ಮೂರನೆಯವರು ಕೆಲಸ ಬಿಟ್ಟುಹೋದರು. ನನಗಾಗ ಹನ್ನೆರಡು ವರ್ಷ, ಸಮ್ಮರ್ ಹಾಲಿಡೇಸ್ ಶುರುವಾಗಿತ್ತು. ಅಮ್ಮನೇ ಉಪಾಯ ಹೇಳಿದಳು:

"ಇವಳನ್ನೇ ಕೂರಿಸ್ಕೊಂಡು ಹೋಗ್ರೀ. ನಿಮ್ಮ ಆಫೀಸಿನ ಪಕ್ಕದ ಪಾರ್ಕಲ್ಲಿ ಕ್ಯಾಂಪಿಗೆ ಹಾಕೋಣ. ನಿಮಗೆ ಲೇನ್ ಸಿಗುತ್ತೆ, ಇವಳು ಟಿವಿ ಬಿಡ್ತಾಳೆ."

ಹೀಗೆ ನಾನು ಕಾರಿನ ಮೂರನೇ ತಲೆಯಾದೆ.

ಮೊದಲ ದಿನವೇ ಒಂದು ವಿಷಯ ಗೊತ್ತಾಯಿತು. ನಮ್ಮಪ್ಪ ಮಾತಾಡುತ್ತಾರೆ! ಮನೆಯಲ್ಲಿ ಅವರು ಅಮ್ಮನ ಮೈಸೂರು ಕನ್ನಡವನ್ನು ಇಸ್ತ್ರಿ ಮಾಡಿದ ಅಂಗಿಯ ಹಾಗೆ ಹಾಕಿಕೊಂಡು ಎರಡು ಮಾತಾಡಿ ಸುಮ್ಮನಾಗುತ್ತಿದ್ದರು. ಕಾರು ಫ್ರೀವೇ ಹತ್ತಿದ್ದೇ ತಡ, ಆ ಅಂಗಿ ಕಳಚಿ ಗದಗಿನ ಹುಡುಗ ಹೊರಗೆ ಬಂದ.

"ಯವ್ವಾ, ಬೆಲ್ಟ್ ಹಾಕ್ಕೊಂಡಿಯೇನ?"

"Yeah."

"ಯಾ ಅಲ್ಲ. ಹೂಂನಪಾ ಅನ್ನು."

"ಹೂಂನಪಾ."

"ಈಗ ನೋಡು, ನನ್ನ ಮಗಳಾದಿ."

ಅಮ್ಮ ಕಟ್ಟಿಕೊಟ್ಟ ಚಪಾತಿಗೆ ಅಪ್ಪ ಶೇಂಗಾ ಚಟ್ನಿ ಸುರಿದು ಸುತ್ತಿಕೊಳ್ಳುತ್ತಿದ್ದರು. ಬೆಳ್ಳುಳ್ಳಿ ವಾಸನೆ ಸಂಜೆಯವರೆಗೂ ಸೀಟಿನಲ್ಲಿ ಕೂತಿರುತ್ತಿತ್ತು. ಮುಂದಿನ ಗಾಡಿಯ ನಂಬರ್ ಪ್ಲೇಟಿನ ಅಂಕಿಗಳನ್ನು ಯಾರು ಮೊದಲು ಕೂಡಿಸುತ್ತಾರೆ ಅಂತ ನಮ್ಮಿಬ್ಬರಿಗೂ ಪಂದ್ಯ. ಸೋತರೆ ಒಂದು ನಿಜ ಹೇಳಬೇಕು. ಅಪ್ಪ ಬೇಕಂತಲೇ ಸೋಲುತ್ತಿದ್ದರು ಅಂತ ಈಗ ಅನ್ನಿಸುತ್ತದೆ. ಒಂದು ದಿನ ಸೋತವರು ರಸ್ತೆಯನ್ನೇ ನೋಡುತ್ತಾ ಹೇಳಿದರು:

"ನಮ್ಮ ಹೊಸ ಬಾಸ್ ಅದಾನಲ್ಲ, ಅಂವ ಮೀಟಿಂಗಿಗೆ ಕರದ್ರ ನನ್ನ ಕೈ ನಡಗ್ತಾವವ್ವಾ. ಟೇಬಲ್ ಕೆಳಗ ಇಟ್ಕೊಂಡು ಕೂಡ್ತೀನಿ."

ನಾನೂ ರಸ್ತೆಯನ್ನೇ ನೋಡಿದೆ. ಅಪ್ಪಂದಿರಿಗೂ ಭಯ ಆಗುತ್ತದೆ ಅಂತ ನನಗೆ ಆವತ್ತಿನವರೆಗೆ ಯಾರೂ ಹೇಳಿರಲಿಲ್ಲ.

ಎಲ್ ಮಾಂಟೆಯ ಪಾರ್ಕಿಂಗ್ ಲಾಟಿನಲ್ಲಿ ಡೆಕ್ಲನ್ ಅಂಕಲ್ ಹತ್ತಿಕೊಳ್ಳುತ್ತಿದ್ದರು. ಕೆಂಪು ಕೆನ್ನೆ, ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡು. ಬೆಣ್ಣೆಯ ಮೇಲೆ ನಮ್ಮ ಚಟ್ನಿ ಉದುರಿಸಿಕೊಂಡು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಡಬ್ಬಿಗೆ ಕೈ ಚಾಚುವ ಆಸಾಮಿ. ಅವರ ಇಂಗ್ಲಿಷು ನನ್ನ ಕಿವಿಗೆ ಹತ್ತಲು ಒಂದು ವಾರ ಬೇಕಾಯಿತು. ಹತ್ತಿದ ಮೇಲೆ ಬಿಡಲಿಲ್ಲ.

ಅವರೂರು ಡಬ್ಲಿನ್ನಿನ ಹತ್ತಿರ, ಒಂದು ಹೊಳೆಯ ದಂಡೆಯ ಮೇಲೆ. ಮೊದಲು ಹಿಟ್ಟಿನ ಗಿರಣಿ, ಗಿರಣಿಯ ಹಿಟ್ಟು ಸಾಗಿಸಲು ಕಾಲುವೆ, ಕಾಲುವೆಯ ವ್ಯಾಪಾರ ಮುಳುಗಿಸಲು ರೈಲು. ಗಿರಣಿ ಮುಚ್ಚಿದ ಮೇಲೆ ರೈಲೇ ಊರನ್ನು ಸಾಕಿತಂತೆ. ಗಂಡಸರೆಲ್ಲ ಬೆಳಗ್ಗೆ ಡಬ್ಲಿನ್ನಿಗೆ ಹೋಗಿ ಸಂಜೆ ಬರುವವರು. ಪ್ಲಾಟ್‌ಫಾರ್ಮಿನಲ್ಲಿ ಒಬ್ಬೊಬ್ಬರಿಗೂ ನಿಲ್ಲಲು ಒಂದೊಂದು ಜಾಗ.

"ಯಾರೂ ಬರೆದಿಟ್ಟಿದ್ದಲ್ಲ ಮರಿ. ಆದ್ರೆ ಎಲ್ಲರಿಗೂ ಗೊತ್ತು. ಹೊಸದಾಗಿ ಬಂದ ಒಬ್ಬ ಬ್ಯಾಂಕಿನವನು ನಮ್ಮಪ್ಪನ ಜಾಗದಲ್ಲಿ ನಿಂತುಬಿಟ್ಟ. ಆ ಚಳಿಗಾಲ ಪೂರ್ತಿ ಅವನಿಗೆ ಯಾರೂ ಗುಡ್ ಮಾರ್ನಿಂಗ್ ಹೇಳಲಿಲ್ಲ."

"ನಿಮ್ಮಪ್ಪ ಏನಂದ್ರು?"

"ನಮ್ಮಪ್ಪನಾ? ಪಕ್ಕದಲ್ಲಿ ಹೋಗಿ ನಿಂತರು. ರೈಲು ಬರೋವರೆಗೂ ಅವನ ಶೂ ನೋಡ್ತಿದ್ರು."

ಸಂಜೆ ರೈಲು ಸೇತುವೆ ದಾಟುವ ಸದ್ದು ಕೇಳಿದ ಮೇಲೇ ಮನೆಮನೆಯಲ್ಲಿ ಆಲೂಗಡ್ಡೆ ಒಲೆಗೆ ಏರುತ್ತಿತ್ತಂತೆ. ಹಿಂದೆ ದನ ಮೇಯುತ್ತಿದ್ದ ಹೊಲಗಳಲ್ಲೆಲ್ಲ ಈಗ ಒಂದೇ ಅಚ್ಚಿನ ಮನೆಗಳು ಎದ್ದಿವೆ, ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವರು ಕೊಂಡಿದ್ದಾರೆ, ಪ್ಲಾಟ್‌ಫಾರ್ಮಿನಲ್ಲಿ ಯಾರಿಗೂ ಯಾರ ಜಾಗವೂ ಗೊತ್ತಿಲ್ಲ ಅಂತ ಅವರ ತಂಗಿ ಫೋನಿನಲ್ಲಿ ಗೊಣಗುತ್ತಿದ್ದಳಂತೆ.

"ಹಂಗಾರ ಅದು ನಮ್ಮ ಪೊಮೊನಾನ ಆತಲ್ಲ!" ಅಪ್ಪ ನನ್ನ ಕಡೆ ಕಣ್ಣು ಹೊಡೆದರು. ಆಮೇಲೆ ಅಂಕಲ್‌ಗೆ ಇಂಗ್ಲಿಷಿನಲ್ಲಿ ಹೇಳಿದಾಗ ಇಬ್ಬರೂ ಸ್ಟೀರಿಂಗ್ ಅಲುಗುವಷ್ಟು ನಕ್ಕರು.

ಜುಲೈ ಮಧ್ಯದಲ್ಲಿ ಒಂದು ಬೆಳಗ್ಗೆ ಅಪ್ಪ ಚಪಾತಿ ಮುಟ್ಟಲಿಲ್ಲ.

"ಸ್ಯಾನ್ ಡಿಯೇಗೋದಾಗ ಒಂದು ಕೆಲಸ ಬಂದೈತಿ. ಕಾರ್ಮೆಲ್ ವ್ಯಾಲಿ. ಅಲ್ಲೇ ಮನಿ ಮಾಡಿದ್ರ ಆಫೀಸಿಗೆ ಐದು ನಿಮಿಷ. ನಿಮ್ಮವ್ವಗ ಇನ್ನೂ ಹೇಳಿಲ್ಲ. ನೀ ಏನಂತಿ?"

"ಬ್ಯಾಡಪಾ."

"ಯಾಕ?"

ಐದು ನಿಮಿಷದಲ್ಲಿ ನೀನು ಏನು ಹೇಳುತ್ತೀ, ನಾನು ಏನು ಕೇಳಲಿ ಅಂತ ಹನ್ನೆರಡು ವರ್ಷದವಳು ಹೇಗೆ ಹೇಳಬೇಕು? ಸ್ಕೂಲು ಶುರುವಾಗುವುದರೊಳಗೆ ಅಪ್ಪ ಉತ್ತರ ಕೊಡಬೇಕಿತ್ತು. ಅಲ್ಲಿಂದ ನಾನು ಟ್ರಾಫಿಕ್ಕಿನ ವಕೀಲಳಾದೆ. "ನೋಡಪಾ, ಇವತ್ತು ಎಷ್ಟು ಲಗೂ ಬಂದ್ವಿ!" "ನೋಡಪಾ, ಈ ಲೇನಿನಾಗ ನಾವ ರಾಜರು!" ಅಪ್ಪ ಹೂಂ ಅನ್ನುತ್ತಿದ್ದರು. ನನಗಿದ್ದ ದೊಡ್ಡ ಧೈರ್ಯ ಡೆಕ್ಲನ್ ಅಂಕಲ್. ಇಷ್ಟು ಕಥೆ ಹೇಳುವ ಮನುಷ್ಯ ಈ ಕಾರನ್ನು ಬಿಟ್ಟುಕೊಡುತ್ತಾರಾ?

ಒಂದು ಸಂಜೆ, ಗಾಡಿಗಳೆಲ್ಲ ನಿಂತುಹೋಗಿದ್ದಾಗ, ಆ ಕೆಲಸ ಹಿಡಿಯಲೋ ಬೇಡವೋ ಅಂತ ಅಪ್ಪ ಅವರನ್ನು ಕೇಳಿಯೇಬಿಟ್ಟರು. ಅಂಕಲ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟರು.

"ಹೋಗಿಬಿಡು ಮಾರಾಯ. ನಮ್ಮಪ್ಪ ಸತ್ತಾಗ ಚರ್ಚಿನ ತುಂಬ ಅವರ ರೈಲಿನ ಜೊತೆಗಾರರು. ಒಬ್ಬೊಬ್ಬರೂ ಅವರ ಬಗ್ಗೆ ಒಂದೊಂದು ಜೋಕು ಹೇಳಿದರು. ನಾವು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳ್ತಿದ್ವಿ. ನಮ್ಮಪ್ಪ ಜೋಕು ಹೇಳ್ತಿದ್ರು ಅಂತ ನಮಗೆ ಗೊತ್ತೇ ಇರಲಿಲ್ಲ. ಹೋಗು, ಮನೆಯಲ್ಲಿರು."

ಮರುದಿನ ನಾನು ಚಟ್ನಿ ಡಬ್ಬಿಯನ್ನು ಹಿಂದಿನ ಸೀಟಿಗೆ ದಾಟಿಸಲಿಲ್ಲ.

"ಓಹೋ, ನನಗೆ ಉಪವಾಸದ ಶಿಕ್ಷೆನಾ?"

"ನೀವು ನನ್ನ ಕಡೆ ಅಂದ್ಕೊಂಡಿದ್ದೆ."

"ನಿನ್ನ ಕಡೆನೇ ಮರಿ," ಅಂದರು ಅಂಕಲ್. ನಿಜಕ್ಕೂ ಹಾಗೇ ಅಂದುಕೊಂಡಿದ್ದರು, ಪುಣ್ಯಾತ್ಮ.

ಅಮ್ಮನಿಗೆ ವಿಷಯ ತಿಳಿದಾಗ ಅವಳು ಸೌಟು ಹಿಡಿದುಕೊಂಡೇ ಕೂತುಬಿಟ್ಟಳು. "ಇನ್ಮೇಲಾದ್ರೂ ನಿಮ್ಮ ಮುಖ ಬೆಳಕಲ್ಲಿ ನೋಡಬಹುದು!" ತನ್ನ ಕೆಲಸವನ್ನೇ ಬಿಡಲು ಸಿದ್ಧಳಾದ ಅವಳ ಮುಂದೆ ನಾನು ಯಾವ ಬಾಯಿಂದ ಬೇಡ ಅನ್ನಲಿ?

ಕಾರ್ಮೆಲ್ ವ್ಯಾಲಿಯ ಮನೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಬಿಸಿಲಿರುವಾಗಲೇ ಅಪ್ಪ ಬರುತ್ತಿದ್ದರು. ಟೇಬಲ್ಲಿಗೆ ಮೂವರೂ ಕೂರುತ್ತಿದ್ದೆವು, ಎದುರುಬದುರಾಗಿ. ಮೊದಲ ವಾರದಲ್ಲೇ ಕೇಳಿದೆ:

"ಹೊಸ ಬಾಸ್ ಹ್ಯಾಂಗದಾನಪಾ?"

ಅಮ್ಮ ತಲೆಯೆತ್ತಿ ನಕ್ಕಳು. "ಇದೇನೇ, ಗದಗಿನ ಬಸ್ ಹತ್ತಿ ಬಂದವಳ ಥರ!" ಅಪ್ಪ ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು.

"ಚೆನ್ನಾಗಿದ್ದಾರೆ ಪುಟ್ಟಿ. ಊಟ ಮಾಡು," ಅಂದರು.

ಅಷ್ಟೇ. ಸ್ಕೂಲಿಗೆ, ಈಜಿಗೆ, ಡ್ಯಾನ್ಸಿಗೆ ಅಮ್ಮನೇ ಡ್ರೈವ್ ಮಾಡಿದಳು. ನಾನು ಕಾಲೇಜಿಗೆ ಹೋಗುವವರೆಗೂ ಅಪ್ಪ ದಿನಾ ಸಂಜೆ ಮನೆಯಲ್ಲಿದ್ದರು. ಅವರ ಕೈ ಯಾವಾಗ ನಡುಗಿತು, ಯಾವಾಗ ನಿಂತಿತು, ನನಗೆ ಗೊತ್ತಿಲ್ಲ.

ಹೋದ ವರ್ಷ ಅವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದರು. ನಾನು ಲಾಸ್ ಏಂಜಲೀಸಿನಲ್ಲಿದ್ದೇನೆ. ಸುದ್ದಿ ತಿಳಿದದ್ದು ಎಲ್ಲ ಮುಗಿದ ಮೇಲೆ, ಫ್ಯಾಮಿಲಿ ಗ್ರೂಪಿನಲ್ಲಿ. ಫೋನ್ ಮಾಡಿ ಕೂಗಾಡಿದೆ. ಸಣ್ಣ ಪ್ರೊಸೀಜರ್ ಪುಟ್ಟಿ, ಅಂದರು.

"ಹೆದರಿಕೆ ಆಗಿತ್ತಾ ಅಪ್ಪ?"

"ಫೋನಲ್ಲಿ ಅದನ್ನೆಲ್ಲ ಹೇಗೆ ಹೇಳೋದು? ಕೂತು ಹೇಳೋ ಮಾತು ಅದು."

ಆ ಶನಿವಾರವೇ ಹೊರಟೆ. ಅಮ್ಮ ಕಾಫಿ ಕೊಟ್ಟು, ನಮ್ಮಿಬ್ಬರನ್ನೇ ಬಿಟ್ಟು ಒಳಗೆ ಹೋದಳು. ಅಪ್ಪ ಸೋಫಾದಲ್ಲಿ, ನಾನು ಎದುರಿನ ಕುರ್ಚಿಯಲ್ಲಿ. ಅವರು ಲೋಟವನ್ನು ಕೈಯಲ್ಲಿ ತಿರುಗಿಸಿದರು, ನನ್ನ ಮುಖ ನೋಡಿದರು, ಕಿಟಕಿ ನೋಡಿದರು. ಇಬ್ಬರೂ ನೋಡುತ್ತಾ ಕೂರಲು ಮುಂದೆ ರಸ್ತೆ ಇರಲಿಲ್ಲ.

"ದಾರಿಯಲ್ಲಿ ಟ್ರಾಫಿಕ್ ಇತ್ತಾ?"

"ಏನೂ ಇರಲಿಲ್ಲ ಅಪ್ಪ."

"ಒಳ್ಳೇದಾಯ್ತು ಬಿಡು," ಅಂದರು.